ಆರೋಗ್ಯದ ಬಗ್ಗೆ ಬರುವ ಸಂಶೋಧನೆಗಳನ್ನು ಸಾಮಾನ್ಯ ಓದುಗರು ತೂಗಿ ನೋಡುವುದು ಹೇಗೆ?

ಬೆಳಕಿಂಡಿ
ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯವರು ರಕ್ತದೊತ್ತಡಕ್ಕೂ ಕೊಲೆಸ್ಟರಾಲಿಗೂ ಹಲವು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈಚೆಗೆ ನಮ್ಮಣ್ಣ ಮನೆಯವರ ಗುಂಪಿಗೆ ಒಂದು ಲೇಖನ ಕಳಿಸಿದ. ಯಾವುದೋ ಪೂರಕ ಮಾತ್ರೆಯನ್ನು ನಿತ್ಯ ಸೇವಿಸಿದರೆ ಹೃದಯಾಘಾತದ ಅಪಾಯ ಅರ್ಧಕ್ಕೆ ಇಳಿಯುತ್ತದೆ ಎಂದು ವಿಜ್ಞಾನಿಗಳು ಸಾಬೀತುಪಡಿಸಿದ್ದಾರಂತೆ. ಅದನ್ನು ನೋಡಿದ ಅತ್ತಿಗೆ, ಅದೇ ಮಾತ್ರೆಯಿಂದ ಎಳ್ಳಷ್ಟೂ ಪ್ರಯೋಜನವಿಲ್ಲ ಎನ್ನುವ ಇನ್ನೊಂದು ಲೇಖನವನ್ನು ಕಳಿಸಿದರು. ಎರಡರಲ್ಲೂ ವಿಶ್ವವಿದ್ಯಾಲಯಗಳ ಹೆಸರಿದೆ, ಎರಡರಲ್ಲೂ ಅಂಕಿಅಂಶಗಳಿವೆ. ಅಮ್ಮ ನನ್ನ ಮುಖ ನೋಡಿ, "ಇವುಗಳಲ್ಲಿ ನಾನು ಯಾವುದನ್ನು ನಂಬಬೇಕು?" ಎಂದು ಕೇಳುತ್ತಾರೆ.

ನಾನು ಓದಿದ್ದು ವಾಣಿಜ್ಯಶಾಸ್ತ್ರ. ವೈಜ್ಞಾನಿಕ ಪ್ರಬಂಧದ ಸಾರಾಂಶವನ್ನು ಕಷ್ಟಪಟ್ಟು ಓದಬಲ್ಲೆ, ಆದರೆ ಅದರಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ವೈದ್ಯಕೀಯ ಪದವಿಯಿಲ್ಲದ ಒಬ್ಬ ಓದುಗ ಇದನ್ನು ಕಲಿಯಲು ಸಾಧ್ಯವೇ? ಸಾಧ್ಯವಾದರೆ, ಒಂದು ಪ್ರಬಂಧ ಕೈಗೆ ಸಿಕ್ಕಾಗ ಮೊಟ್ಟಮೊದಲು ಏನನ್ನು ನೋಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ದಾರಿಹೋಕ
ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ? ನಿಮ್ಮ ವೈದ್ಯರನ್ನು ಕೇಳಿ, ಅವರು ಹೇಳಿದಂತೆ ನಡೆದುಕೊಳ್ಳಿ.

ಬೆಳಕಿಂಡಿ
ದಾರಿಹೋಕ ಅವರೇ, ವೈದ್ಯರನ್ನು ಖಂಡಿತ ಕೇಳುತ್ತೇವೆ. ಆದರೆ ಅವರು ನಮಗೆ ಕೊಡಬಲ್ಲ ಕೆಲವೇ ನಿಮಿಷಗಳಲ್ಲಿ ಸರಿಯಾದ ಪ್ರಶ್ನೆ ಕೇಳಬೇಕಾದರೂ ನಮಗೆ ಸ್ವಲ್ಪ ತಿಳಿದಿರಬೇಕಲ್ಲವೇ? ಲೇಖನಗಳಂತೂ ದಿನವೂ ಬರುತ್ತಲೇ ಇರುತ್ತವೆ.

ಅಂಕಿಗಣಿತ
ಬೆಳಕಿಂಡಿಯವರೇ, ಖಂಡಿತ ಕಲಿಯಬಹುದು. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು. ನನ್ನ ಅನುಭವದಲ್ಲಿ ಇದಕ್ಕೆ ಗಣಿತಕ್ಕಿಂತ ತಾಳ್ಮೆಯೇ ಹೆಚ್ಚು ಬೇಕು. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾರಿಗೆ ಹೋಲಿಸಿ ಹೇಳುತ್ತಿದ್ದಾರೆ? "ಈ ಔಷಧಿ ತೆಗೆದುಕೊಂಡ ನೂರು ಜನರಲ್ಲಿ ಎಂಬತ್ತು ಜನ ಗುಣಮುಖರಾದರು" ಎಂಬ ವಾಕ್ಯದಿಂದ ಏನೂ ತಿಳಿಯುವುದಿಲ್ಲ. ತೆಗೆದುಕೊಳ್ಳದಿದ್ದರೂ ಎಂಬತ್ತು ಜನ ಗುಣಮುಖರಾಗುತ್ತಿದ್ದರೋ ಏನೋ. ಹೋಲಿಕೆಯ ಗುಂಪು ಇದೆಯೇ ಎಂಬುದು ಮೊದಲನೆಯ ಮಾತು. ಆ ಎರಡು ಗುಂಪುಗಳು ಆರಂಭದಲ್ಲಿ ಒಂದೇ ಬಗೆಯವಾಗಿದ್ದವೇ ಎಂಬುದು ಅದರ ಬೆನ್ನಿಗೇ ಬರುವ ಮಾತು.

ಒಂದು ಹಳೆಯ ಅಧ್ಯಯನವನ್ನು ಹತ್ತಿರದಿಂದ ನೋಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೋಮೈಸಿನ್ ಔಷಧಿ ಬಹಳ ಕಡಿಮೆ ಪ್ರಮಾಣದಲ್ಲಿ ಸಿಗುತ್ತಿತ್ತು. ಎಲ್ಲ ಕ್ಷಯರೋಗಿಗಳಿಗೂ ಕೊಡುವಷ್ಟು ಇರಲಿಲ್ಲ. ಆಗ ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯು, ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಯೋಜನೆಯಂತೆ, 107 ರೋಗಿಗಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ ಯಾರ ಆಯ್ಕೆಯೂ ಇಲ್ಲದೆ, ಎರಡು ಗುಂಪುಗಳಿಗೆ ಹಂಚಿತು. ಯಾರು ಯಾವ ಗುಂಪಿಗೆ ಎಂಬುದು ಮುಚ್ಚಿದ ಲಕೋಟೆಗಳಲ್ಲಿತ್ತು; ರೋಗಿಯನ್ನು ಸೇರಿಸಿಕೊಳ್ಳುವ ವೈದ್ಯರಿಗೆ ಅದು ಮುಂಚಿತವಾಗಿ ಗೊತ್ತಾಗುವಂತಿರಲಿಲ್ಲ. 55 ಜನರಿಗೆ ವಿಶ್ರಾಂತಿಯ ಜೊತೆಗೆ ಔಷಧಿ, 52 ಜನರಿಗೆ ವಿಶ್ರಾಂತಿ ಮಾತ್ರ. ಎಕ್ಸ್-ರೇಗಳನ್ನು ಪರಿಶೀಲಿಸಿದವರಿಗೂ ಯಾವ ಚಿತ್ರ ಯಾವ ಗುಂಪಿನದೆಂದು ತಿಳಿಸಿರಲಿಲ್ಲ. ಆರು ತಿಂಗಳ ಕೊನೆಗೆ ಔಷಧಿ ಪಡೆದವರಲ್ಲಿ 4 ಜನ, ಪಡೆಯದವರಲ್ಲಿ 14 ಜನ ತೀರಿಕೊಂಡಿದ್ದರು. 1948ರಲ್ಲಿ ಪ್ರಕಟವಾದ ಈ ಪ್ರಬಂಧವನ್ನು ಇಂದು ಓದಿದರೂ ಅದರ ಶಿಸ್ತು ಎದ್ದು ಕಾಣುತ್ತದೆ. ವೈದ್ಯರು ತಮಗೆ ಸರಿತೋರಿದಂತೆ ಗುಂಪು ಮಾಡಿದ್ದರೆ, ಬದುಕುವ ಭರವಸೆಯಿದ್ದವರಿಗೇ ಔಷಧಿ ಹೋಗುವ ಸಾಧ್ಯತೆಯಿತ್ತು. ಆಗ ಸಾವಿನ ವ್ಯತ್ಯಾಸಕ್ಕೆ ಔಷಧಿ ಕಾರಣವೋ ಆಯ್ಕೆ ಕಾರಣವೋ ಎಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ನೀಲಿಶಾಯಿ
ಹೋಲಿಕೆಯ ಪ್ರಯೋಗ ಅದಕ್ಕಿಂತ ಬಹಳ ಹಿಂದಿನದು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾ ವೈದ್ಯರು ಸ್ಕರ್ವಿ, ಅಂದರೆ ಸಿ ಜೀವಸತ್ವದ ಕೊರತೆಯ ಕಾಯಿಲೆ, ಬಂದಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಪ್ರತಿ ಜೋಡಿಗೂ ಬೇರೆ ಬೇರೆ ಉಪಚಾರ ಕೊಟ್ಟರು. ಕಿತ್ತಳೆ ಮತ್ತು ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. ಅಂದಿನಿಂದ ನೌಕಾಪಡೆಯಲ್ಲಿ ಸ್ಕರ್ವಿ ಮಾಯವಾಯಿತು.

ಹಳೆಯ ಓದುಗ
ನೀಲಿಶಾಯಿ ಅವರೇ, ಕೊನೆಯ ವಾಕ್ಯವನ್ನು ತಿದ್ದಬೇಕಾಗುತ್ತದೆ. ಲಿಂಡ್ ತಮ್ಮ ಗ್ರಂಥವನ್ನು ಪ್ರಕಟಿಸಿದ್ದು 1753ರಲ್ಲಿ. ಬ್ರಿಟಿಷ್ ನೌಕಾಪಡೆ ನಾವಿಕರಿಗೆ ನಿಂಬೆರಸ ಕೊಡುವ ಅಧಿಕೃತ ನಿರ್ಧಾರಕ್ಕೆ ಬಂದದ್ದು 1795ರಲ್ಲಿ. ಅಷ್ಟರಲ್ಲಿ ಲಿಂಡ್ ತೀರಿಕೊಂಡಿದ್ದರು. ಸಾಕ್ಷ್ಯ ಸಿಕ್ಕಿದ ಮಾತ್ರಕ್ಕೆ ಆಚರಣೆ ಬದಲಾಗುವುದಿಲ್ಲ ಎನ್ನುವುದಕ್ಕೇ ಅದನ್ನು ಉದಾಹರಿಸಬೇಕು.

ಮೂರನೇ ಬೆಂಚು
ಇವೆಲ್ಲ ಪುಸ್ತಕದ ಮಾತುಗಳಾದವು. ನಮ್ಮ ಚಿಕ್ಕಪ್ಪನವರು ಮೊಣಕಾಲು ನೋವಿನಿಂದ ನಡೆಯಲಾರದೆ ಒದ್ದಾಡುತ್ತಿದ್ದರು. ಯಾರೋ ಹೇಳಿದ ಒಂದು ಎಣ್ಣೆಯನ್ನು ಹಚ್ಚಿಕೊಂಡ ಮೇಲೆ ಈಗ ಮೆಟ್ಟಿಲು ಹತ್ತುತ್ತಾರೆ. ಕಣ್ಣಾರೆ ಕಂಡದ್ದಕ್ಕಿಂತ ದೊಡ್ಡ ಸಾಕ್ಷ್ಯ ಯಾವುದಿದೆ? ಹೋಲಿಕೆಯ ಗುಂಪು ಇಲ್ಲ ಎಂದು ಅವರು ಮತ್ತೆ ಕುಂಟಬೇಕೇ?

ಅಂಕಿಗಣಿತ
ಅವರು ಕುಂಟಬೇಕೆಂದು ಯಾರೂ ಹೇಳುತ್ತಿಲ್ಲ. ಅವರ ನೋವು ಕಡಿಮೆಯಾದದ್ದು ಸಂತೋಷದ ವಿಷಯ. ಆದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಮೊಣಕಾಲು ನೋವಿನಂಥ ಕಾಯಿಲೆಗಳು ಏರುತ್ತವೆ, ಇಳಿಯುತ್ತವೆ. ನೋವು ತಾಳಲಾರದ ಮಟ್ಟಕ್ಕೆ ಏರಿದಾಗಲೇ ಜನ ಹೊಸ ಉಪಚಾರವನ್ನು ಹುಡುಕಿಕೊಂಡು ಹೋಗುತ್ತಾರೆ. ಆ ಶಿಖರದಿಂದ ನೋವು ತಾನಾಗಿಯೇ ಇಳಿಯುವ ಸಾಧ್ಯತೆ ಹೆಚ್ಚು. ಇಳಿದಾಗ ಅದರ ಯಶಸ್ಸು ಆ ಹೊತ್ತಿಗೆ ಕೈಯಲ್ಲಿದ್ದ ಉಪಚಾರಕ್ಕೆ ಸಲ್ಲುತ್ತದೆ.

ಎಣ್ಣೆಯೇನು, ಶಸ್ತ್ರಚಿಕಿತ್ಸೆಗೂ ಇದೇ ಪರೀಕ್ಷೆ. 2002ರಲ್ಲಿ ಅಮೆರಿಕದಲ್ಲಿ ಮೊಣಕಾಲಿನ ಸಂಧಿವಾತವಿದ್ದ 180 ಜನರ ಮೇಲೆ ನಡೆದ ಪ್ರಯೋಗವೊಂದು ಪ್ರಕಟವಾಯಿತು. ಕೆಲವರಿಗೆ ಕೀಲಿನೊಳಗಿನ ಸವೆದ ಚೂರುಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆ, ಕೆಲವರಿಗೆ ಕೀಲನ್ನು ತೊಳೆಯುವುದು ಮಾತ್ರ, ಇನ್ನು ಕೆಲವರಿಗೆ ಚರ್ಮದ ಮೇಲೆ ಗಾಯ ಮಾಡಿ ಹೊಲಿಗೆ ಹಾಕಿದ ಹುಸಿ ಶಸ್ತ್ರಚಿಕಿತ್ಸೆ. ಎರಡು ವರ್ಷ ಹಿಂಬಾಲಿಸಿದರೂ ನೋವಿನಲ್ಲಾಗಲಿ ಓಡಾಟದಲ್ಲಾಗಲಿ ನಿಜವಾದ ಶಸ್ತ್ರಚಿಕಿತ್ಸೆ ಹುಸಿಯದಕ್ಕಿಂತ ಮೇಲೆಂದು ಕಾಣಲಿಲ್ಲ. ಅದುವರೆಗೆ ಆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೆಲ್ಲರೂ, ರೋಗಿಗಳು ಸುಧಾರಿಸಿದ್ದನ್ನು ಕಣ್ಣಾರೆ ಕಂಡವರೇ.

ಮೂರನೇ ಬೆಂಚು
ಸರಿ, ಆ ಉದಾಹರಣೆ ಯೋಚಿಸುವಂತಿದೆ. ಆದರೂ ಚಿಕ್ಕಪ್ಪ ಎಣ್ಣೆಯನ್ನು ಬಿಡುವುದಿಲ್ಲ.

ಸಂಜೆಮಲ್ಲಿಗೆ
ನನಗೊಂದು ಸಂದೇಹವಿದೆ. ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿ ಬರೆಯುವ ಅಧ್ಯಯನಗಳಿವೆಯಲ್ಲ, ಅವುಗಳಲ್ಲೂ ಎರಡು ಗುಂಪು ಇರುತ್ತವೆ: ಮಾತ್ರೆ ತೆಗೆದುಕೊಂಡವರು, ತೆಗೆದುಕೊಳ್ಳದವರು. ಜನರ ಸಂಖ್ಯೆ ದೊಡ್ಡದಿದ್ದರೆ ಅದೇ ಸಾಕಲ್ಲವೇ?

ಅಂಕಿಗಣಿತ
ಸಾಲದು. ಇದಕ್ಕೆ ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುವ ಒಂದು ಅಧ್ಯಯನವಿದೆ. ಒಮ್ಮೆ ಹೃದಯಾಘಾತವಾಗಿದ್ದ ಗಂಡಸರಿಗೆ ಕ್ಲೋಫೈಬ್ರೇಟ್ ಎಂಬ ಔಷಧಿಯನ್ನು ಕೊಟ್ಟು ನೋಡಿದ ಅಮೆರಿಕದ ದೊಡ್ಡ ಪ್ರಯೋಗವದು. 1980ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯಲ್ಲಿ, ಔಷಧಿಯನ್ನು ನಿಯಮಿತವಾಗಿ, ಅಂದರೆ ಶೇಕಡ 80ರಷ್ಟಾದರೂ ತಪ್ಪದೆ ನುಂಗಿದವರಲ್ಲಿ ಐದು ವರ್ಷಗಳ ಸಾವಿನ ಪ್ರಮಾಣ ಶೇಕಡ 15; ಸರಿಯಾಗಿ ನುಂಗದವರಲ್ಲಿ ಶೇಕಡ 24.6. ಇಷ್ಟನ್ನೇ ನೋಡಿದರೆ ಔಷಧಿ ಅದ್ಭುತ ಎನ್ನುತ್ತೇವೆ. ಈಗ ಪ್ಲಾಸಿಬೊ ಗುಂಪನ್ನು, ಅಂದರೆ ಔಷಧಿಯ ಅಂಶವೇ ಇಲ್ಲದ ಮಾತ್ರೆ ನುಂಗಿದವರನ್ನು ನೋಡಿ. ಅದನ್ನು ನಿಯಮಿತವಾಗಿ ನುಂಗಿದವರಲ್ಲಿ ಸಾವು ಶೇಕಡ 15.1, ನುಂಗದವರಲ್ಲಿ ಸುಮಾರು ಶೇಕಡ 28!

ಸತ್ವವಿಲ್ಲದ ಮಾತ್ರೆ ಯಾರ ಜೀವವನ್ನೂ ಉಳಿಸುವುದಿಲ್ಲ. ಹೇಳಿದಂತೆ ತಪ್ಪದೆ ಮಾತ್ರೆ ನುಂಗುವವರು ಬೇರೆ ಎಷ್ಟೋ ವಿಷಯಗಳಲ್ಲೂ ಮೈಮೇಲೆ ಎಚ್ಚರವಿಟ್ಟುಕೊಂಡವರು. ಜೊತೆಗೆ, ತೀರಾ ನಿತ್ರಾಣರಾದವರು ಮಾತ್ರೆ ನುಂಗುವುದನ್ನೂ ಬಿಟ್ಟಿರುತ್ತಾರೆ. ಒಟ್ಟಾರೆ ಎರಡು ಗುಂಪುಗಳನ್ನು ಹೋಲಿಸಿದಾಗ ಕ್ಲೋಫೈಬ್ರೇಟಿಗೂ ಪ್ಲಾಸಿಬೊಗೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ತಾವಾಗಿಯೇ ಪೂರಕ ಮಾತ್ರೆಗಳನ್ನು ಆರಿಸಿಕೊಂಡವರ ಅಧ್ಯಯನಗಳಲ್ಲಿ ಇದೇ ತೊಡಕು ಇರುತ್ತದೆ. ಸಂಶೋಧಕರು ವಯಸ್ಸು, ಧೂಮಪಾನ, ಆದಾಯ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡು ಸರಿದೂಗಿಸುತ್ತಾರೆ ನಿಜ. ಆದರೆ ಅಳೆದದ್ದನ್ನು ಮಾತ್ರ ಸರಿದೂಗಿಸಬಹುದು. ಅಳೆಯದೆ ಉಳಿದದ್ದು ಜನರ ಸಂಖ್ಯೆ ಎಷ್ಟೇ ದೊಡ್ಡದಾದರೂ ಹಾಗೆಯೇ ಉಳಿದಿರುತ್ತದೆ.

ಸಂಜೆಮಲ್ಲಿಗೆ
ಪ್ಲಾಸಿಬೊ ಗುಂಪಿನ ಆ ಅಂಕಿಯನ್ನು ಎರಡು ಸಲ ಓದಿಕೊಂಡೆ. ಇಂಥದ್ದೊಂದು ಇರಬಹುದೆಂದು ನನಗೆ ಎಂದೂ ಹೊಳೆದಿರಲಿಲ್ಲ.

ಕಲ್ಲುಸಕ್ಕರೆ
ನೀವು ಹೀಗೆ ಹೇಳಿದರೆ ಜನರನ್ನು ಸುಮ್ಮನೆ ಗಮನಿಸಿ ಬರೆಯುವ ಎಲ್ಲ ವೀಕ್ಷಣಾ ಅಧ್ಯಯನಗಳನ್ನೂ ಓದುಗರು ಕಸದ ಬುಟ್ಟಿಗೆ ಹಾಕುತ್ತಾರೆ, ಹಾಗೆ ಮಾಡುವುದು ಅಪಾಯಕಾರಿ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ತಿಳಿದದ್ದು ಯಾದೃಚ್ಛಿಕ ಪ್ರಯೋಗದಿಂದಲ್ಲ. ಅಂಥ ಪ್ರಯೋಗ ಮಾಡುವುದು ಅನೈತಿಕ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಇದೇ ಬ್ರಾಡ್‌ಫರ್ಡ್ ಹಿಲ್, ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರನ್ನು ಬೇರೆ ಕಾಯಿಲೆಗಳಿದ್ದ ಅಷ್ಟೇ ಜನರಿಗೆ ಹೋಲಿಸಿದರು. ಧೂಮಪಾನವನ್ನೇ ಮಾಡದವರು ಮೊದಲ ಗುಂಪಿನಲ್ಲಿ ಇಬ್ಬರೇ. ಎರಡನೆಯದರಲ್ಲಿ 27 ಜನ. ಆಮೇಲೆ 1951ರಲ್ಲಿ ಬ್ರಿಟನ್ನಿನ ವೈದ್ಯರನ್ನೇ ಹಿಂಬಾಲಿಸತೊಡಗಿ, ಐವತ್ತು ವರ್ಷ ಬಿಡದೆ ನೋಡಿದರು. ಧೂಮಪಾನ ಮುಂದುವರಿಸಿದವರ ಆಯುಷ್ಯ ಸರಾಸರಿ ಹತ್ತು ವರ್ಷ ಕಡಿಮೆಯಾಯಿತೆಂದೂ, ಐವತ್ತನೆಯ ವಯಸ್ಸಿನಲ್ಲಿ ಬಿಟ್ಟವರೂ ಅದರಲ್ಲಿ ಸುಮಾರು ಆರು ವರ್ಷವನ್ನು ಮರಳಿ ಪಡೆದರೆಂದೂ ತಿಳಿಯಿತು. ಯಾದೃಚ್ಛಿಕ ಹಂಚಿಕೆ ಇಲ್ಲ ಎಂಬ ಕಾರಣಕ್ಕೆ ಇದನ್ನು ತಳ್ಳಿಹಾಕುತ್ತೀರಾ? ತಂಬಾಕು ಕಂಪನಿಗಳು ದಶಕಗಳ ಕಾಲ ಮುಂದಿಟ್ಟ ವಾದವೂ ಇಂಥದ್ದೇ: ಸಂಬಂಧ ಕಂಡಿದೆ, ಕಾರಣ ಸಾಬೀತಾಗಿಲ್ಲ.

ಅಂಕಿಗಣಿತ
ತಳ್ಳಿಹಾಕುವುದಿಲ್ಲ, ನಿಮ್ಮ ಎಚ್ಚರಿಕೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಧೂಮಪಾನದ ವಿಷಯದಲ್ಲಿ ಅಪಾಯ ಹಲವು ಪಟ್ಟು ದೊಡ್ಡದಿತ್ತು. ಹೆಚ್ಚು ಸೇದಿದವರಿಗೆ ಹೆಚ್ಚು ಅಪಾಯ, ಬಿಟ್ಟವರಿಗೆ ಇಳಿಯುವ ಅಪಾಯ. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಬಗೆಯಲ್ಲಿ ನೋಡಿದರೂ ಅದೇ ಉತ್ತರ. 1965ರಲ್ಲಿ ಹಿಲ್ ಅವರು ಒಂದು ಸಂಬಂಧವನ್ನು ಕಾರಣವೆಂದು ಒಪ್ಪುವ ಮೊದಲು ಪರಿಶೀಲಿಸಬೇಕಾದ ಒಂಬತ್ತು ಅಂಶಗಳನ್ನು ಮುಂದಿಟ್ಟಾಗ ಇವೆಲ್ಲವೂ ಅದರಲ್ಲಿದ್ದವು. ಪೂರಕ ಮಾತ್ರೆಯ ಅಧ್ಯಯನವೊಂದು ಅಪಾಯ ಶೇಕಡ 10 ಅಥವಾ 15 ಇಳಿಯಿತು ಎಂದಾಗ, ಅಷ್ಟು ಚಿಕ್ಕ ವ್ಯತ್ಯಾಸವನ್ನು ಮರೆಯಲ್ಲಿರುವ ಮೂರನೆಯ ಕಾರಣವೊಂದು ಸುಲಭವಾಗಿ ಹುಟ್ಟಿಸಬಲ್ಲದು.

ಕಲ್ಲುಸಕ್ಕರೆ
ಇಷ್ಟನ್ನು ಸೇರಿಸಿ ಹೇಳಿದರೆ ನನ್ನ ತಕರಾರಿಲ್ಲ. ಇನ್ಸುಲಿನ್ನೂ ಅಷ್ಟೇ. 1922ರಲ್ಲಿ ಸಾವಿನ ಅಂಚಿನಲ್ಲಿದ್ದ ಮಧುಮೇಹಿ ಮಕ್ಕಳು ಅದರಿಂದ ಎದ್ದು ಕೂತಾಗ, ಪರಿಣಾಮ ಅಷ್ಟು ದೊಡ್ಡದಾಗಿತ್ತು ಎಂಬ ಕಾರಣಕ್ಕೇ ಯಾದೃಚ್ಛಿಕ ಪ್ರಯೋಗದ ಅಗತ್ಯ ಬೀಳಲಿಲ್ಲ.

ನೀಲಿಶಾಯಿ
ಬೆಳಕಿಂಡಿಯವರ ಲೇಖನದಲ್ಲಿರುವ "ಅರ್ಧಕ್ಕೆ ಇಳಿಯುತ್ತದೆ" ಎಂಬ ಮಾತಿನ ಬಗ್ಗೆ ಯಾರೂ ಏನೂ ಹೇಳಿಲ್ಲ. ಅರ್ಧ ಎಂದರೆ ಯಾವುದರ ಅರ್ಧ? ಸಾವಿರಕ್ಕೆ 200 ಜನರಿಂದ 100 ಜನರಿಗೆ ಇಳಿದರೂ ಅರ್ಧವೇ, ಸಾವಿರಕ್ಕೆ 2 ಜನರಿಂದ ಒಬ್ಬರಿಗೆ ಇಳಿದರೂ ಅರ್ಧವೇ. ಮೊದಲನೆಯದರಲ್ಲಿ ಹತ್ತು ಜನ ಮಾತ್ರೆ ನುಂಗಿದರೆ ಒಬ್ಬರಿಗೆ ಲಾಭ, ಎರಡನೆಯದರಲ್ಲಿ ಸಾವಿರ ಜನ ನುಂಗಿದರೆ ಒಬ್ಬರಿಗೆ.

1995ರಲ್ಲಿ ಬ್ರಿಟನ್ನಿನಲ್ಲಿ ಒಂದು ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆಂಬ ಎಚ್ಚರಿಕೆ ಹೊರಬಿತ್ತು. ಎರಡು ಪಟ್ಟು ಎಂಬುದು ನಿಜ. 7,000 ಮಹಿಳೆಯರಲ್ಲಿ ಒಬ್ಬರಿಗೆ ಇದ್ದದ್ದು ಇಬ್ಬರಿಗೆ ಆಗುತ್ತಿತ್ತು. ಆದರೆ ಜನರ ಕಿವಿಗೆ ಬಿದ್ದದ್ದು "ಎರಡು ಪಟ್ಟು" ಎಂಬುದಷ್ಟೇ. ಅನೇಕರು ಗಾಬರಿಯಿಂದ ಮಾತ್ರೆ ನಿಲ್ಲಿಸಿದರು, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಗರ್ಭಪಾತಗಳು ಸಾವಿರಾರು ಸಂಖ್ಯೆಯಲ್ಲಿ ಏರಿದವು. ಗರ್ಭಧಾರಣೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯದಕ್ಕಿಂತ ಹೆಚ್ಚು ಎಂಬುದನ್ನು ಅಂದಿನ ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಸುದ್ದಿಯಲ್ಲಿ ಶೇಕಡಾವಾರು ಕಂಡ ಕೂಡಲೇ "ಎಷ್ಟು ಜನರಲ್ಲಿ ಎಷ್ಟು ಜನರಿಗೆ, ಎಷ್ಟು ಕಾಲದಲ್ಲಿ?" ಎಂದು ಕೇಳಿ. ಉತ್ತರ ಲೇಖನದಲ್ಲಿ ಇಲ್ಲದಿದ್ದರೆ ಅಂಥ ಲೇಖನದ ಮೇಲೆ ಯಾವ ನಿರ್ಧಾರವನ್ನೂ ಮಾಡಬೇಡಿ.

ದಾರಿಹೋಕ
ಈ ವಿವರಣೆ ಚೆನ್ನಾಗಿದೆ. ಇದನ್ನು ಉಳಿಸಿಟ್ಟುಕೊಂಡಿದ್ದೇನೆ.

ರಾತ್ರಿಪಾಳಿ
ನಾನು ಹೃದ್ರೋಗ ವಿಭಾಗದಲ್ಲಿ ಶುಶ್ರೂಷಕಿ. ರೋಗಿಗಳ ಕಡೆಯವರು ತರುವ ಲೇಖನಗಳಲ್ಲಿ ನಾನು ಮೊದಲು ನೋಡುವುದು, ಅವರು ಅಳೆದದ್ದು ಏನನ್ನು ಎಂಬುದನ್ನು. ಹೃದಯಾಘಾತವನ್ನೋ, ಸಾವನ್ನೋ, ಅಥವಾ ರಕ್ತಪರೀಕ್ಷೆಯ ಒಂದು ಅಂಕಿಯನ್ನೋ? ಅಂಕಿ ಸುಧಾರಿಸಿತು ಎಂದರೆ ಮನುಷ್ಯ ಸುಧಾರಿಸಿದ ಎಂದು ಅರ್ಥವಲ್ಲ.

ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ಹೃದಯಾಘಾತವಾದವರಲ್ಲಿ ಹೃದಯದ ಬಡಿತ ನಡುನಡುವೆ ತಪ್ಪುತ್ತಿದ್ದರೆ, ಅಂಥವರು ಹಠಾತ್ತಾಗಿ ಸಾಯುವ ಸಂಭವ ಹೆಚ್ಚೆಂದು ಮೊದಲೇ ತಿಳಿದಿತ್ತು. ಹಾಗಿದ್ದರೆ ಬಡಿತ ತಪ್ಪುವುದನ್ನು ತಡೆಯುವ ಔಷಧಿ ಕೊಟ್ಟರೆ ಸಾವೂ ತಪ್ಪಬೇಕಲ್ಲವೇ? ತರ್ಕಕ್ಕೆ ಎಲ್ಲೂ ಕೊಂಕಿರಲಿಲ್ಲ, ಔಷಧಿಗಳೂ ಬಡಿತವನ್ನು ಚೆನ್ನಾಗಿಯೇ ತಹಬಂದಿಗೆ ತರುತ್ತಿದ್ದವು. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಎರಡು ಔಷಧಿಗಳನ್ನು ವೈದ್ಯರು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಿದ್ದರು. ಕೊನೆಗೆ ಪ್ಲಾಸಿಬೊ ಜೊತೆ ಹೋಲಿಸುವ ಪ್ರಯೋಗ ನಡೆಯಿತು. 1989ರಲ್ಲಿ ಅದರಲ್ಲಿ ಈ ಎರಡು ಔಷಧಿಗಳ ಭಾಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. 1991ರಲ್ಲಿ ಬಂದ ವರದಿಯಂತೆ, ಔಷಧಿ ಪಡೆದ 755 ಜನರಲ್ಲಿ 63 ಜನ ಸತ್ತಿದ್ದರು, ಪ್ಲಾಸಿಬೊ ಪಡೆದ 743 ಜನರಲ್ಲಿ 26 ಜನ. ಬಡಿತದ ನಕ್ಷೆ ಸುಧಾರಿಸುತ್ತಲೇ ಇತ್ತು, ಜನ ಸಾಯುತ್ತಲೇ ಇದ್ದರು. ಹೀಗಾಗಿ "ಇದು ದೇಹದಲ್ಲಿ ಹೀಗೆ ಕೆಲಸ ಮಾಡುತ್ತದೆ" ಎಂದು ಚಿತ್ರ ಬರೆದು ವಿವರಿಸುವ ವೀಡಿಯೊಗಳನ್ನು ಕಂಡರೆ ನನಗೆ ಭಯವಾಗುತ್ತದೆ. ವಿವರಣೆ ಸೊಗಸಾಗಿದೆ ಎಂಬುದು ಸಾಕ್ಷ್ಯವಾಗುವುದಿಲ್ಲ.

ಮೂರನೇ ಬೆಂಚು
ಇದನ್ನೆಲ್ಲ ಓದಿದ ಮೇಲೆ ನನಗನ್ನಿಸುವುದು, ಯಾವುದನ್ನೂ ನಂಬಬಾರದು. ಎಲ್ಲ ಸಂಶೋಧನೆಗಳಿಗೂ ಹಣ ಕೊಡುವುದು ಔಷಧಿ ಕಂಪನಿಗಳೇ. ತಮಗೆ ಬೇಕಾದ ಉತ್ತರವನ್ನು ಅವು ಬರೆಸಿಕೊಳ್ಳುತ್ತವೆ.

ಹಳೆಯ ಓದುಗ
ನಿಮ್ಮ ಸಂಶಯಕ್ಕೆ ಆಧಾರವಿದೆ, ಆದರೆ ನೀವು ತಲುಪಿದ ತೀರ್ಮಾನಕ್ಕೆ ಇಲ್ಲ. ಈ ರೋಗಕ್ಕೆ ನಿಖರವಾದ ಹೆಸರಿದೆ, ಮದ್ದೂ ಇದೆ. ಅನುಕೂಲವಾದ ಫಲಿತಾಂಶ ಪ್ರಕಟವಾಗುತ್ತದೆ, ಪ್ರತಿಕೂಲವಾದದ್ದು ಕಪಾಟು ಸೇರುತ್ತದೆ. ಇದು ಪ್ರಕಟಣೆಯ ಪಕ್ಷಪಾತ. 2008ರಲ್ಲಿ ಎರಿಕ್ ಟರ್ನರ್ ಮತ್ತು ಸಂಗಡಿಗರು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಸಲ್ಲಿಕೆಯಾಗಿದ್ದ ಖಿನ್ನತೆಯ ಔಷಧಿಗಳ 74 ಪ್ರಯೋಗಗಳನ್ನು ನಿಯತಕಾಲಿಕಗಳಲ್ಲಿ ಅಚ್ಚಾದವುಗಳೊಂದಿಗೆ ತಾಳೆ ನೋಡಿದರು. ಸಂಸ್ಥೆಯ ಪ್ರಕಾರ 38 ಪ್ರಯೋಗಗಳು ಔಷಧಿಯ ಪರವಾಗಿದ್ದವು. ಅವುಗಳಲ್ಲಿ 37 ಅಚ್ಚಾದವು. ಉಳಿದ 36ರಲ್ಲಿ 22 ಅಚ್ಚೇ ಆಗಲಿಲ್ಲ, 11 ಪ್ರಯೋಗಗಳನ್ನು ಅನುಕೂಲಕರವೆಂಬಂತೆ ತಿರುಗಿಸಿ ಬರೆಯಲಾಗಿತ್ತು, ಇದ್ದದ್ದನ್ನು ಇದ್ದಂತೆ ಬರೆದವು ಮೂರೇ ಮೂರು.

ಮದ್ದು ಯಾವುದೆಂದರೆ, ಪ್ರಯೋಗ ಆರಂಭಿಸುವ ಮೊದಲೇ ಏನನ್ನು ಅಳೆಯುತ್ತೇವೆ ಎಂದು ಸಾರ್ವಜನಿಕವಾಗಿ ನೋಂದಾಯಿಸುವುದು. 2005ರಿಂದ ಪ್ರಮುಖ ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರು ನೋಂದಣಿಯಿಲ್ಲದ ಪ್ರಯೋಗಗಳನ್ನು ಪ್ರಕಟಿಸುವುದಿಲ್ಲ ಎಂಬ ನಿಯಮ ತಂದರು. ನೋಂದಣಿಯ ಜೊತೆಜೊತೆಗೇ ಏನಾಯಿತು ನೋಡಿ. ಅಮೆರಿಕದ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯ ಹಣದಿಂದ ನಡೆದ ದೊಡ್ಡ ಪ್ರಯೋಗಗಳಲ್ಲಿ, 2000ಕ್ಕೆ ಮೊದಲು ಪ್ರಕಟವಾದ 30ರ ಪೈಕಿ 17 ಲಾಭ ತೋರಿಸಿದ್ದವು. ನೋಂದಣಿ ರೂಢಿಗೆ ಬಂದ ಬಳಿಕದ 25ರ ಪೈಕಿ ಎರಡು ಮಾತ್ರ. ಗಮನಿಸಿ, ಅವು ಸರ್ಕಾರಿ ಹಣದ ಪ್ರಯೋಗಗಳು. ಹಣ ಯಾರದು ಎಂದು ನೋಡಬೇಕು ನಿಜ; ಏನನ್ನು ಅಳೆಯುತ್ತೇವೆ ಎಂಬುದನ್ನು ಆಮೇಲೆ ಬದಲಾಯಿಸಲು ಅವಕಾಶವಿತ್ತೇ ಎಂಬುದನ್ನು ಅದಕ್ಕಿಂತ ಹೆಚ್ಚಾಗಿ ನೋಡಬೇಕು. ನೋಂದಣಿ ಪಟ್ಟಿಗಳು ಯಾರಿಗಾದರೂ ಉಚಿತವಾಗಿ ತೆರೆದಿವೆ. ಪ್ರಬಂಧದ ಸಾರಾಂಶದ ಕೊನೆಯಲ್ಲಿ ನೋಂದಣಿ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಹುಡುಕಿ, ಮೊದಲು ಅಳೆಯುತ್ತೇವೆ ಎಂದದ್ದೂ ಕೊನೆಗೆ ವರದಿ ಮಾಡಿದ್ದೂ ಒಂದೆಯೇ ಎಂದು ಹೋಲಿಸಿ ನೋಡಿ.

ಸಂಜೆಮಲ್ಲಿಗೆ
ಪ್ರಬಂಧಗಳಲ್ಲಿ ಕೊಡುವ ಪಿ-ಮೌಲ್ಯ ಎಂಬ ಅಂಕಿ 0.05ಕ್ಕಿಂತ ಕಡಿಮೆ ಇದ್ದರೆ ಔಷಧಿ ಕೆಲಸ ಮಾಡುವ ಸಂಭವ ಶೇಕಡ 95 ಎಂದು ಎಲ್ಲೋ ಓದಿದ್ದೆ. ಅದೊಂದನ್ನೇ ನೋಡಿಕೊಂಡರೆ ಸಾಲದೇ?

ಅಂಕಿಗಣಿತ
ನೀವು ಓದಿದ್ದು ಬಹಳ ಕಡೆ ಹಾಗೆಯೇ ಬರೆದಿರುತ್ತದೆ, ಆದರೆ ಅದು ತಪ್ಪು. ಔಷಧಿಯಿಂದ ಏನೂ ಪರಿಣಾಮವಿಲ್ಲ ಎಂದಿಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕೇವಲ ಆಕಸ್ಮಿಕವಾಗಿ ಕಾಣುವ ಸಂಭವವೆಷ್ಟು ಎಂಬುದನ್ನಷ್ಟೇ ಪಿ-ಮೌಲ್ಯ ಹೇಳುತ್ತದೆ. ಏನೂ ಪರಿಣಾಮವಿಲ್ಲದ ಇಪ್ಪತ್ತು ವಿಷಯಗಳನ್ನು ಪರೀಕ್ಷಿಸಿದರೆ, ಸರಾಸರಿ ಒಂದಾದರೂ ಆ ಗೆರೆಯನ್ನು ದಾಟಿಬಿಡುತ್ತದೆ.

1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಪ್ರಯೋಗದಲ್ಲಿ ಹೃದಯಾಘಾತದ ಶಂಕೆಯಿದ್ದ 17,187 ರೋಗಿಗಳಿದ್ದರು, ಆಸ್ಪಿರಿನ್ನಿನಿಂದ ಸಾವು ಸ್ಪಷ್ಟವಾಗಿ ಇಳಿಯಿತು. ವಯಸ್ಸು, ಲಿಂಗ ಎಂದು ಉಪಗುಂಪುಗಳಾಗಿ ಸೀಳಿ ನೋಡಬೇಕೆಂಬ ಒತ್ತಾಯ ಬಂದಾಗ, ಸಂಶೋಧಕರು ರೋಗಿಗಳ ಜನ್ಮರಾಶಿಯ ಪ್ರಕಾರವೂ ಸೀಳಿ ತೋರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ನಿನಿಂದ ಲಾಭವೇ ಇಲ್ಲ, ಸ್ವಲ್ಪ ಹಾನಿಯೇ ಎಂಬಂತೆ ಕಂಡಿತು! ಬೇಕಾದಷ್ಟು ಸಲ ಸೀಳಿದರೆ ಎಲ್ಲೋ ಒಂದು ಕಡೆ ಏನಾದರೊಂದು ಸಿಕ್ಕೇ ಸಿಗುತ್ತದೆ ಎಂದು ಅವರು ಅದರಿಂದ ಎಲ್ಲರಿಗೂ ಮನದಟ್ಟು ಮಾಡಿಸಿದರು. "ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ, ಆದರೆ ಇಂಥ ವಯಸ್ಸಿನ ಮಹಿಳೆಯರಲ್ಲಿ ಲಾಭ ಕಂಡಿತು" ಎಂಬ ವಾಕ್ಯವನ್ನು ಓದಿದಾಗ ಇದನ್ನು ನೆನೆಯಿರಿ.

ಕಲ್ಲುಸಕ್ಕರೆ
ಪ್ರತಿಷ್ಠಿತ ನಿಯತಕಾಲಿಕದಲ್ಲಿ ಬಂದಿದೆ ಎಂಬ ಕಾರಣಕ್ಕೂ ಮೈಮರೆಯಬಾರದು. 2020ರ ಮೇ ತಿಂಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧಿಯ ಬಗ್ಗೆ ಲ್ಯಾನ್ಸೆಟ್‌ನಲ್ಲಿ ಬಂದ ಪ್ರಬಂಧ 96,000 ಕೋವಿಡ್ ರೋಗಿಗಳ ಮಾಹಿತಿಯಿದೆ ಎಂದು ಹೇಳಿಕೊಂಡಿತ್ತು. ಮೂಲ ದತ್ತಾಂಶವನ್ನು ತೋರಿಸಿ ಎಂದಾಗ ತೋರಿಸಲಾಗದೆ, ಎರಡೇ ವಾರಗಳಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಅದೇ ಜೂನ್ ತಿಂಗಳಲ್ಲಿ ಬ್ರಿಟನ್ನಿನ ರಿಕವರಿ ಎಂಬ ಪ್ರಯೋಗ ಯಾದೃಚ್ಛಿಕ ಹಂಚಿಕೆಯಿಂದ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಕೊಟ್ಟಿತು: ಹೈಡ್ರಾಕ್ಸಿಕ್ಲೋರೋಕ್ವಿನ್ನಿನಿಂದ ಸಾವು ಇಳಿಯುವುದಿಲ್ಲ, ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸುತ್ತದೆ. ಆಮ್ಲಜನಕವೇ ಬೇಡವಾಗಿದ್ದ ರೋಗಿಗಳಿಗೆ ಅದರಿಂದ ಲಾಭ ಕಾಣಲಿಲ್ಲ ಎಂಬುದನ್ನೂ ಅದೇ ಪ್ರಯೋಗ ಹೇಳಿತು. ಈ ಕೊನೆಯ ಮಾತನ್ನು ಗಮನಿಸದೆ ಸ್ಟೀರಾಯ್ಡ್ ನುಂಗಿದವರ ಸಂಖ್ಯೆ ಕಡಿಮೆಯೇನಲ್ಲ.

ಬೆಳಕಿಂಡಿ
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಣ್ಣ ಕಳಿಸಿದ ಲೇಖನವನ್ನು ನೀವು ಹೇಳಿದ ಪ್ರಶ್ನೆಗಳನ್ನು ಇಟ್ಟುಕೊಂಡು ಮತ್ತೆ ಓದಿದೆ. ಅದು ತಾವಾಗಿಯೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರನ್ನು ಗಮನಿಸಿದ ಅಧ್ಯಯನ, ಯಾದೃಚ್ಛಿಕ ಹಂಚಿಕೆ ಇಲ್ಲ. "ಅರ್ಧ" ಎಂದರೆ ಎಷ್ಟು ಜನರಲ್ಲಿ ಎಷ್ಟು ಎಂಬುದು ಲೇಖನದಲ್ಲಿ ಎಲ್ಲೂ ಇಲ್ಲ. ಅತ್ತಿಗೆ ಕಳಿಸಿದ್ದು ಪ್ಲಾಸಿಬೊ ಜೊತೆ ಹೋಲಿಸಿದ ಪ್ರಯೋಗ, ನೋಂದಣಿ ಸಂಖ್ಯೆಯೂ ಇದೆ. ಎರಡು ಲೇಖನಗಳು ಪರಸ್ಪರ ವಿರುದ್ಧ ಎಂದು ತೋರುತ್ತಿದ್ದದ್ದು ಏಕೆಂದು ಈಗ ಅರ್ಥವಾಗುತ್ತಿದೆ. ಆದರೆ ಪ್ರತಿಯೊಂದು ಪ್ರಬಂಧವನ್ನೂ ಹೀಗೆ ಬಿಡಿಸಿ ನೋಡುವಷ್ಟು ಸಮಯ ಯಾರಿಗಿದೆ? ಬೇರೆ ಯಾರಾದರೂ ಇದನ್ನು ಮಾಡಿ ಇಟ್ಟಿದ್ದಾರೆಯೇ?

ಹಳೆಯ ಓದುಗ
ಮಾಡಿ ಇಟ್ಟಿದ್ದಾರೆ. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1993ರಿಂದ ಇದೇ ಕೆಲಸ ಮಾಡುತ್ತಿದೆ. ಒಂದು ಪ್ರಶ್ನೆಯ ಮೇಲೆ ನಡೆದ ಎಲ್ಲ ಪ್ರಯೋಗಗಳನ್ನೂ ಹುಡುಕಿ, ದುರ್ಬಲವಾದವನ್ನು ಗುರುತಿಸಿ, ಉಳಿದವುಗಳ ಫಲಿತಾಂಶವನ್ನು ಒಟ್ಟುಗೂಡಿಸುತ್ತಾರೆ. ಸರಳ ಭಾಷೆಯ ಸಾರಾಂಶವನ್ನೂ ಕೊಡುತ್ತಾರೆ.

ಆ ಸಂಸ್ಥೆಯ ಲಾಂಛನದಲ್ಲಿರುವ ಗೆರೆಗಳು ನಿಜವಾಗಿ ನಡೆದ ಪ್ರಯೋಗಗಳ ಫಲಿತಾಂಶಗಳೇ. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ತಾಯಂದಿರಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ಮೊದಲ ಪ್ರಯೋಗ ತೋರಿಸಿದ್ದು 1972ರಲ್ಲಿ. ಆಮೇಲೆ ಇನ್ನೂ ಕೆಲವು ಚಿಕ್ಕ ಪ್ರಯೋಗಗಳು ನಡೆದವು. ಬಿಡಿಬಿಡಿಯಾಗಿ ನೋಡಿದರೆ ಹಲವು ಅಸ್ಪಷ್ಟ. 1990ರ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಜೋಡಿಸಿ ನೋಡಿದಾಗ ಲಾಭ ನಿಸ್ಸಂದೇಹವಾಗಿತ್ತು. ನಡುವಿನ ಆ ವರ್ಷಗಳಲ್ಲಿ ಚುಚ್ಚುಮದ್ದು ಸಿಗದೆ ಹೋದ ಶಿಶುಗಳನ್ನು ನೆನೆದರೆ, ಸಾಕ್ಷ್ಯವನ್ನು ಒಟ್ಟುಗೂಡಿಸುವ ಕೆಲಸ ಎಷ್ಟು ತುರ್ತಿನದೆಂದು ತಿಳಿಯುತ್ತದೆ.

ರಾತ್ರಿಪಾಳಿ
ಬೆಳಕಿಂಡಿಯವರೇ, ಈ ಚರ್ಚೆಯ ನಡುವೆ ನಿಮ್ಮ ತಾಯಿಯವರು ಈಗಿರುವ ಮಾತ್ರೆಗಳನ್ನು ನಿಲ್ಲಿಸದಂತೆ ನೋಡಿಕೊಳ್ಳಿ. ಲೇಖನ ಓದಿ ರಕ್ತದೊತ್ತಡದ ಮಾತ್ರೆ ಬಿಟ್ಟು, ಪಾರ್ಶ್ವವಾಯು ಹೊಡೆದು ಬಂದವರನ್ನು ನಾನು ನೋಡಿಕೊಂಡಿದ್ದೇನೆ. ಹೊಸದಾಗಿ ಪೂರಕ ಮಾತ್ರೆ ಸೇರಿಸುವುದಾದರೂ ವೈದ್ಯರಿಗೆ ತಿಳಿಸಿಯೇ ಸೇರಿಸಿ, ಕೆಲವು ಈಗಿನ ಔಷಧಿಗಳ ಜೊತೆ ಹೊಂದುವುದಿಲ್ಲ.

ಬೆಳಕಿಂಡಿ
ಇಲ್ಲ, ಅಮ್ಮ ಯಾವುದನ್ನೂ ನಿಲ್ಲಿಸಿಲ್ಲ. ಒಂದು ಕೊನೆಯ ಪ್ರಶ್ನೆ. ಅಮ್ಮನಿಗೆ ಈಗ 78 ವರ್ಷ, ಮೂತ್ರಪಿಂಡವೂ ಸ್ವಲ್ಪ ದುರ್ಬಲವಾಗಿದೆ. ಪ್ರಯೋಗ ಎಷ್ಟೇ ಚೆನ್ನಾಗಿ ನಡೆದಿದ್ದರೂ ಅದರ ಫಲಿತಾಂಶ ಅವರಿಗೆ ಅನ್ವಯಿಸುತ್ತದೆ ಎಂದು ಹೇಗೆ ತಿಳಿಯುವುದು?

ಅಂಕಿಗಣಿತ
ಬಹಳ ಒಳ್ಳೆಯ ಪ್ರಶ್ನೆ, ಎಷ್ಟೋ ಮಂದಿ ಇಲ್ಲಿಯವರೆಗೆ ಬರುವುದೇ ಇಲ್ಲ. ಪ್ರಬಂಧದ ಮೊದಲ ಕೋಷ್ಟಕವನ್ನು ತೆರೆಯಿರಿ. ಅದರಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು, ಲಿಂಗ, ಇದ್ದ ಕಾಯಿಲೆಗಳು ಇರುತ್ತವೆ. ವಿಧಾನದ ಭಾಗದಲ್ಲಿ ಯಾರನ್ನು ಹೊರಗಿಟ್ಟರು ಎಂಬುದಿರುತ್ತದೆ. ಮೂತ್ರಪಿಂಡದ ತೊಂದರೆಯಿರುವವರನ್ನೂ ತುಂಬ ವಯಸ್ಸಾದವರನ್ನೂ ಹೊರಗಿಡುವುದು ಸಾಮಾನ್ಯ.

ಇದರ ಮಹತ್ವಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮುಟ್ಟು ನಿಂತ ಮಹಿಳೆಯರಿಗೆ ಹಾರ್ಮೋನ್ ಮಾತ್ರೆ ಕೊಟ್ಟರೆ ಹೃದ್ರೋಗ ಕಡಿಮೆಯಾಗುತ್ತದೆಂದು ವೀಕ್ಷಣಾ ಅಧ್ಯಯನಗಳು ಹೇಳುತ್ತಿದ್ದವು. 16,608 ಮಹಿಳೆಯರ ಯಾದೃಚ್ಛಿಕ ಪ್ರಯೋಗವೊಂದು 2002ರಲ್ಲಿ ಅದಕ್ಕೆ ವಿರುದ್ಧವಾದ ಉತ್ತರ ಕೊಟ್ಟಿತು: ವರ್ಷಕ್ಕೆ 10,000 ಮಹಿಳೆಯರಲ್ಲಿ ಹೃದ್ರೋಗದ 7 ಪ್ರಕರಣಗಳು ಹೆಚ್ಚು, ಸ್ತನ ಕ್ಯಾನ್ಸರಿನ 8 ಪ್ರಕರಣಗಳು ಹೆಚ್ಚು. ಹೃದಯದ ರಕ್ಷಣೆಗೆಂದು ಹಾರ್ಮೋನ್ ಬರೆಯುವುದು ಸರಿಯಲ್ಲ ಎಂದು ಅದರಿಂದ ಖಚಿತವಾಯಿತು. ಆದರೆ ಆ ಮಹಿಳೆಯರ ಸರಾಸರಿ ವಯಸ್ಸು 63. ಆಗಷ್ಟೇ ಮುಟ್ಟು ನಿಂತು, ಆಗಾಗ ಮೈ ಬಿಸಿಯೇರಿ ನಿದ್ದೆಗೆಟ್ಟ ಐವತ್ತರ ಮಹಿಳೆಗೆ ಲಾಭ ನಷ್ಟಗಳ ಲೆಕ್ಕ ಬೇರೆಯೇ ಎಂಬುದು ನಂತರದ ವಿಶ್ಲೇಷಣೆಗಳಲ್ಲಿ ಸ್ಪಷ್ಟವಾಗುತ್ತ ಹೋಯಿತು.

ಅತ್ತಿಗೆಯವರು ಕಳಿಸಿದ ಪ್ರಬಂಧದಲ್ಲಿ 75 ದಾಟಿದವರು ಎಷ್ಟು ಜನ ಇದ್ದರು, ಮೂತ್ರಪಿಂಡ ದುರ್ಬಲವಾಗಿದ್ದವರನ್ನು ಸೇರಿಸಿಕೊಂಡಿದ್ದರೇ ಎಂದು ನೋಡಿ, ಕಂಡದ್ದನ್ನು ಇಲ್ಲಿ ಬರೆಯಿರಿ. ಅಂಥವರು ಇರಲಿಲ್ಲವಾದರೆ, ನಿಮ್ಮ ವೈದ್ಯರ ಮುಂದೆ ಇಡಬೇಕಾದ ಪ್ರಶ್ನೆ ಅದೇ: ಈ ವಯಸ್ಸಿನ, ಈ ಮೂತ್ರಪಿಂಡ ಸ್ಥಿತಿಯ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆಯೇ?

ಬೆಳಕಿಂಡಿ
ಕೋಷ್ಟಕವನ್ನು ಈಗ ತೆರೆದು ನೋಡಿದೆ. ಮೂತ್ರಪಿಂಡದ ತೀವ್ರ ತೊಂದರೆ ಇದ್ದವರನ್ನು ಹೊರಗಿಟ್ಟಿದ್ದಾರೆ. "ತೀವ್ರ" ಎಂದರೆ ಎಲ್ಲಿಂದ ಎಂಬುದಕ್ಕೆ ಒಂದು ಅಂಕಿ ಕೊಟ್ಟಿದ್ದಾರೆ. ಅಮ್ಮನ ಕಳೆದ ತಿಂಗಳ ಪರೀಕ್ಷಾ ವರದಿಯನ್ನು ಹುಡುಕಿ, ಆ ಅಂಕಿಯ ಪಕ್ಕದಲ್ಲಿಟ್ಟು ನೋಡಿ ತಿಳಿಸುತ್ತೇನೆ.

ರಾತ್ರಿಪಾಳಿ
ವರದಿಯಲ್ಲಿ ಇ-ಜಿಎಫ್‌ಆರ್ ಎಂಬ ಸಾಲನ್ನು ನೋಡಿ, ಮೂತ್ರಪಿಂಡ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬುದರ ಅಂದಾಜು ಅದು. ಕ್ರಿಯಾಟಿನಿನ್ ಅಂಕಿಯೊಂದೇ ಇದ್ದರೆ, ಅದರಿಂದ ಇ-ಜಿಎಫ್‌ಆರ್ ಲೆಕ್ಕ ಹಾಕಿಕೊಡುವಂತೆ ಪ್ರಯೋಗಾಲಯದವರನ್ನು ಕೇಳಿ; ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಅವರೇ ತೆಗೆದುಕೊಡುತ್ತಾರೆ.